ಹುಳದ ಮನೆಯ ಬಾಗಿಲಲ್ಲಿ ಅಕ್ಕ

ಹುಳದ ಮನೆಯ ಬಾಗಿಲಲ್ಲಿ ನನ್ನ ಸ್ವಂತ ಅಕ್ಕನನ್ನು ಒಳಗೆ ಬಿಡದೆ ತಡೆದವನು ನಾನು. ಅದಾದ ಮೇಲೆ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಹೇಳಬೇಕಾಗಿದ್ದ ಒಂದೇ ಒಂದು ಮಾತನ್ನು ಹೇಳದೆ ನೆಲ ನೋಡುತ್ತಾ ನಿಂತೆ. ಆ ಮಾತನ್ನು ಹೇಳಿದ್ದರೆ ಅಕ್ಕ ಊರು ಬಿಡುತ್ತಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಟ್ಟೆ. ಈಗ ಎದೆಯ ಮೇಲಿನ ಮೂಟೆ ಇಳಿಸಿದ ಹಾಗಿದೆ, ಮುಂದಿನದನ್ನು ಖುಷಿಯಾಗಿ ಬರೆಯುತ್ತೇನೆ. ಖುಷಿಗೆ ಕಾರಣವೂ ಇದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಕೂತು ಇಷ್ಟುದ್ದ ಬರೆಯುತ್ತಿದ್ದೇನೆ ಎಂಬುದನ್ನು ನನಗೇ ನಂಬಲು ಆಗುತ್ತಿಲ್ಲ. ಒಂದು ಸಾಲು ಮುಗಿದರೆ ಎದ್ದು ಒಂದು ಸುತ್ತು ಹಾಕಿ ಬರುತ್ತೇನೆ. ನನ್ನ ಹೆಂಡತಿ, "ಏನು, ಹೆರಿಗೆ ಆಸ್ಪತ್ರೆ ಮುಂದೆ ಓಡಾಡೋ ಗಂಡಸಿನ ಥರ ಓಡಾಡ್ತೀರ?" ಎಂದು ನಗುತ್ತಾಳೆ.

ನನ್ನ ಹೆಸರು ಚೌಡಪ್ಪ. ಹುತ್ತೂರು ಕಡೆಯವನು. ಒಂದು ಚಾಕಿ ಕೇಂದ್ರದಲ್ಲಿ ಆಳಾಗಿ ಸೇರಿ, ಮೇಸ್ತ್ರಿಯಾಗಿ, ಮಂಡಿ ನೋವು ತಡೆಯಲಾರದೆ ಕೆಲಸ ಬಿಟ್ಟವನು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ರೇಷ್ಮೆ ಮೊಟ್ಟೆ ಒಡೆದು ಬಂದ ಮರಿಹುಳಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಜಾಗಕ್ಕೆ ಚಾಕಿ ಕೇಂದ್ರ ಎನ್ನುತ್ತಾರೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ಅದನ್ನೇ ನಮ್ಮ ಕಡೆ ಜ್ವರ ಎನ್ನುವುದು. ಕೂಸಿಗೆ ಮೊದಲ ತುತ್ತು ತಿನ್ನಿಸುವ ಕೆಲಸ ನಮ್ಮದು. ಇಲ್ಲಿ ಕೆಟ್ಟರೆ ರೈತನ ಮನೆಯಲ್ಲಿ ಏನು ಮಾಡಿದರೂ ಗೂಡು ಆಗುವುದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಮೊಟ್ಟೆ ಒಡೆಯುವ ಬೆಳಗ್ಗೆಯನ್ನು ತಪ್ಪಿಸಿಕೊಳ್ಳಬೇಡಿ. ಮೊಟ್ಟೆಯ ಹಾಳೆಗಳನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಟ್ಟಿರುತ್ತೇವೆ. ಬೆಳಗಿನ ಬೆಳಕಿಗೆ ಬಿಚ್ಚಿದರೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಾಳೆಯೇ ಮಿಸುಕಾಡಿದಂತೆ ಕಾಣುತ್ತದೆ. ಕತ್ತರಿಸಿದ ಕೂದಲಿನ ಚೂರುಗಳಿಗೆ ಜೀವ ಬಂದ ಹಾಗೆ ಸಾವಿರ ಸಾವಿರ ಕಪ್ಪು ಮರಿಗಳು! ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು. ಸಂಬಳ, ಮೇಸ್ತ್ರಿ ಪಟ್ಟ ಎಲ್ಲ ಅದರ ಮುಂದೆ ಏನೂ ಅಲ್ಲ.

ನನಗೆ ಈ ಕೆಲಸ ಕಲಿಸಿದವಳು ಅಕ್ಕ ಮುನಿರತ್ನಮ್ಮ. ಭಾವ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ನಮ್ಮ ಪಕ್ಕದ ಮನೆಗೆ ಬಂದವಳು. ಚಾಕಿ ಕೇಂದ್ರಕ್ಕೆ ನನಗಿಂತ ಮೊದಲೇ ಸೇರಿದ್ದಳು, ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವಳೂ ಅವಳೇ. ಎಳೆಸೊಪ್ಪನ್ನು ಅವಳು ಕತ್ತರಿಸುವುದನ್ನು ನೋಡಬೇಕಿತ್ತು. ಕತ್ತಿ ಕಾಣುತ್ತಿರಲಿಲ್ಲ, ಒಂದೇ ಅಳತೆಯ ಹಸಿರು ಚೌಕಗಳು ಮಾತ್ರ ಬೀಳುತ್ತಿದ್ದವು.

ಮೊದಲ ವರ್ಷ ನಾನು ಮಾಡಿದ ಎಡವಟ್ಟು ಇಂದಿಗೂ ಹುತ್ತೂರಿನಲ್ಲಿ ಕಥೆಯಾಗಿದೆ. ಹುಳಗಳು ಜ್ವರಕ್ಕೆ ಕೂತಿದ್ದವು. ಅಕ್ಕ ಊಟಕ್ಕೆ ಹೋಗಿದ್ದಳು. ಪಾಪ, ಹಸಿದಿವೆ ಎಂದುಕೊಂಡು ತಟ್ಟೆತಟ್ಟೆಗೂ ಸೊಪ್ಪು ಹಾಕಿಬಿಟ್ಟೆ. ಮೊದಲು ಎದ್ದವು ತಿಂದು ಬೆಳೆದವು, ಕೂತಿದ್ದವು ಸೊಪ್ಪಿನಡಿ ಮುಚ್ಚಿಹೋದವು. ಒಂದೇ ತಟ್ಟೆಯಲ್ಲಿ ಅಜ್ಜನೂ ಮೊಮ್ಮಗನೂ! ಮಾಲೀಕರು ರೆಡ್ಡಪ್ಪನವರು, ಗೌನಿಪಲ್ಲಿ ಕಡೆಯವರು. ಕನ್ನಡ ಶುರುಮಾಡಿ ತೆಲುಗಿನಲ್ಲಿ ಮುಗಿಸುವವರು. ಬಂದು ನೋಡಿ ತಲೆ ಚಚ್ಚಿಕೊಂಡರು.

"ಏಂರಾ ಚೌಡಾ, ಹುಳ ಸಾಕ್ತಿದ್ದೀಯಾ, ಮದುವೆ ಊಟ ಬಡಿಸ್ತಿದ್ದೀಯಾ?"

ಅಕ್ಕ ಅವರಿಗೆ ಸಮಾಧಾನ ಹೇಳಿ, ನನ್ನನ್ನು ಪಕ್ಕಕ್ಕೆ ಎಳೆದು ಹೇಳಿದಳು: "ಲೇ, ಕೂತಿರೋವಾಗ ತಿನ್ನಿಸಬಾರ್ದು, ಎದ್ದ ಮೇಲೆ ಕಾಯಿಸಬಾರ್ದು. ಇಷ್ಟು ಗೊತ್ತಾದ್ರೆ ಅರ್ಧ ಕೆಲಸ ಗೊತ್ತಾದಂಗೆ ಕಣೋ."

ಉಳಿದ ಅರ್ಧ ಕೆಲಸ ಸೊಪ್ಪು ನೋಡುವುದು. ಹೊಸ ತೋಟದಿಂದ ಸೊಪ್ಪು ಬಂದರೆ ಅಕ್ಕ ನೇರವಾಗಿ ಹುಳಕ್ಕೆ ಹಾಕಲು ಬಿಡುತ್ತಿರಲಿಲ್ಲ. ಒಂದು ಹಿಡಿ ಹುಳವನ್ನು ಬೇರೆ ತಟ್ಟೆಗೆ ತೆಗೆದು, ಅದಕ್ಕೆ ಮೊದಲು ಹಾಕಿ ಕಾಯುತ್ತಿದ್ದಳು. ಅವು ಚೆನ್ನಾಗಿದ್ದರೆ ಮಾತ್ರ ಮಿಕ್ಕವಕ್ಕೆ. ನಮ್ಮ ಕಡೆ ಹಿಪ್ಪುನೇರಳೆ ತೋಟದ ಬದುವಿಗೇ ಟೊಮೊಟೊ ಇರುತ್ತದೆ. ಟೊಮೊಟೊಗೆ ಔಷಧಿ ಹೊಡೆಯದೆ ಯಾರೂ ಬಿಡುವುದಿಲ್ಲ, ಗಾಳಿ ಯಾರ ಬದುವನ್ನೂ ಕೇಳುವುದಿಲ್ಲ. ಸೊಪ್ಪು ಕಣ್ಣಿಗೆ ಹಸಿರಾಗಿಯೇ ಇರುತ್ತದೆ. "ಹುಳ ಹೇಳ್ತದೆ, ನಾವು ಕೇಳ್ಬೇಕು ಅಷ್ಟೆ," ಎನ್ನುತ್ತಿದ್ದಳು.

ಕಾಲ ಬದಲಾಯಿತು. ಬಿದಿರಿನ ತಟ್ಟೆ ಹೋಗಿ ಪ್ಲಾಸ್ಟಿಕ್ ತಟ್ಟೆ ಬಂತು. ಇದ್ದಿಲ ಒಲೆ, ಒದ್ದೆ ಗೋಣಿಚೀಲ ಹೋಗಿ ಗುಂಡಿ ಒತ್ತಿದರೆ ಬಿಸಿ, ಗುಂಡಿ ಒತ್ತಿದರೆ ತೇವ ಕೊಡುವ ಯಂತ್ರ ಬಂತು. ಹಳದಿ ಗೂಡಿನ ಜಾಗಕ್ಕೆ ಬಿಳಿ ಗೂಡು ಬಂತು. ಬಾಗಿಲಲ್ಲಿ ಸುಣ್ಣದ ಪುಡಿ ತುಂಬಿದ ತಟ್ಟೆ ಬಂತು, ಅದರಲ್ಲಿ ಕಾಲಿಟ್ಟೇ ಒಳಗೆ ಬರಬೇಕು. ಊದಿನಕಡ್ಡಿ, ಸೊಳ್ಳೆಬತ್ತಿ, ತಲೆಗೆ ಘಮಘಮ ಎಣ್ಣೆ, ಹೊಗೆಸೊಪ್ಪು ಯಾವುದೂ ಹತ್ತಿರ ಸುಳಿಯಬಾರದು. ಇವೆಲ್ಲ ಸರಿಯಾದ ನಿಯಮಗಳೇ. ಇವುಗಳ ಜೊತೆಗೆ ಹಳಬರ ಕೆಲವು ಭಯಗಳೂ ಇದ್ದವು. ಕಾಯಿಲೆಯವರ ನೆರಳು ಬೀಳಬಾರದು, ಇಂಥ ಹೆಂಗಸರು ಬರಬಾರದು ಎಂಬಂಥವು. ಯಾವುದು ನಿಯಮ, ಯಾವುದು ಭಯ ಎಂದು ನಾನು ಎಂದೂ ಬೇರೆ ಮಾಡಿ ನೋಡಲಿಲ್ಲ. ಹೊಸಬರೇ, ನೀವು ಮಾಡಿ.

ಒಂದು ಸಂಜೆ ಅಕ್ಕ ಹಿತ್ತಲಲ್ಲಿ ನನ್ನ ಪಕ್ಕ ಬಂದು ಕೂತು ಹೇಳಿದಳು: "ಚೌಡಾ, ಎದೇಲಿ ಒಂದು ಗೆಡ್ಡೆ ಐತೆ ಕಣೋ. ನೋವಿಲ್ಲ. ಆದ್ರೆ ಹೋಗ್ತಿಲ್ಲ."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹೆಂಗಸರ ವಿಷಯ ಎಂದು ಹೆಂಡತಿಯನ್ನು ಕೂಗಿದೆ. ಇಬ್ಬರೂ ಕೋಲಾರಕ್ಕೆ ಹೋಗಿ ತೋರಿಸಿದರು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಸ್ತನ ಕ್ಯಾನ್ಸರ್. ಈ ಎರಡು ಪದ ಬರೆಯಲು ನನಗೆ ಈಗ ಕಷ್ಟವಾಗುತ್ತಿಲ್ಲ, ಆಗ ಬಾಯಲ್ಲಿ ಆಡಲೂ ಆಗುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಹೊಟ್ಟೆ ಆಪರೇಷನ್" ಎನ್ನುತ್ತಿದ್ದೆ. ಊರಿಗೆ ನಿಜ ಗೊತ್ತಿತ್ತು. ಅವರು ಸುಮ್ಮನೆ ಕೇಳುತ್ತಿದ್ದರು, ನಾನು ಸುಮ್ಮನೆ ಸುಳ್ಳು ಹೇಳುತ್ತಿದ್ದೆ.

ಒಂದು ಸ್ತನ ತೆಗೆದರು. ಆಮೇಲೆ ಕೀಮೋ ಬಾಟಲಿ ಹಾಕಿಸಿಕೊಳ್ಳುವುದು, ವಾಂತಿ, ಕೂದಲು ಉದುರುವುದು, ನಮ್ಮ ಕಡೆ ಕರೆಂಟು ಎನ್ನುವ ರೇಡಿಯೇಷನ್ ಕೊಡಿಸುವುದು. ಎಲ್ಲ ಮುಗಿಯಿತು. ತಲೆಯಲ್ಲಿ ಕೂದಲು ಕೊಯ್ದ ರಾಗಿ ಹೊಲದ ಕೂಳೆಯಂತೆ ಚಿಗುರುತ್ತಿದ್ದಾಗ ಒಂದು ಬೆಳಗ್ಗೆ ಅಕ್ಕ ಸ್ನಾನ ಮಾಡಿ, ಒಗೆದ ಸೀರೆಯುಟ್ಟು ಕೇಂದ್ರಕ್ಕೆ ಬಂದಳು. ಆ ಹೊತ್ತಿಗೆ ನಾನು ಮೇಸ್ತ್ರಿ. ಬಾಗಿಲಲ್ಲಿ ನಿಂತಿದ್ದೆ. ಹಿಂದೆ ಕೆಲಸದವರೆಲ್ಲ ಇದ್ದರು.

"ಏನ್ಲಾ, ಕಂಬದ ಥರ ನಿಂತಿದ್ದೀಯ? ಜಾಗ ಬಿಡು. ಇವತ್ತು ಮೊಟ್ಟೆ ಒಡೀತದಂತೆ."

"ಬೇಡ ಕಣಕ್ಕ. ನೀನು ರೆಸ್ಟ್ ತಗೋ."

"ಆಸ್ಪತ್ರೆ ಮಂಚದ ಮೇಲೆ ಬೇಕಾದಷ್ಟು ತಗೊಂಡು ಬಂದಿದ್ದೀನಿ. ಬಿಡೋ."

ಒಂದು ಕಾಲು ಸುಣ್ಣದ ತಟ್ಟೆಗೆ ಇಟ್ಟೇಬಿಟ್ಟಳು. ನಾನು ಕೈ ಅಡ್ಡ ಹಿಡಿದೆ.

"ನಿನ್ನ ಮೈಯಲ್ಲಿ ಔಷಧಿ ವಾಸನೆ ಇರ್ತದೆ ಅಕ್ಕ. ಹುಳಕ್ಕೆ ಆಗಲ್ಲ."

ಅಕ್ಕ ಅಲ್ಲೇ ನಿಂತಳು. ತನ್ನ ಮುಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿಕೊಂಡಳು. ನಿಜವಾಗಿಯೂ ಮೂಸಿ ನೋಡಿದಳು. "ನಂಗೇನೂ ಬರ್ತಿಲ್ಲ," ಎಂದಳು. ಕಾಲು ಹಿಂದೆ ತೆಗೆದು, ಬೆರಳುಗಳಿಗೆ ಹತ್ತಿದ ಸುಣ್ಣ ಕೊಡವಿ, ಚಪ್ಪಲಿ ಹಾಕಿಕೊಂಡಳು. ಹೋಗುವಾಗ ತಿರುಗಿ ಹೇಳಿದ್ದು ಇಷ್ಟೇ: "ಹೊಸಾ ತೋಟದ ಸೊಪ್ಪು ಬಂದ್ರೆ ಮೊದ್ಲು ಒಂದು ಹಿಡಿಗೆ ಹಾಕಿ ನೋಡು."

ನಾನು ನೋಡಲಿಲ್ಲ. ಆ ಸಲ ಸೊಪ್ಪು ಸಾಲದೆ ಮಾಲೂರು ಕಡೆಯ ಒಂದು ತೋಟದಿಂದ ತರಿಸಿದೆ. ನಾನೇ ಹೋಗಿ ಮೂಟೆ ಕಟ್ಟಿಸಿಕೊಂಡು ಬಂದೆ. ಬದುವಿನಾಚೆ ಟೊಮೊಟೊ ಇದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಹುಳ ಹಸಿದಿವೆ, ಹೊತ್ತಾಯಿತು ಎಂದು ನೇರ ಹಾಕಿಸಿದೆ. ಮಾರನೆಯ ದಿನ ಹುಳಗಳು ತಲೆ ಒದರುತ್ತಿದ್ದವು. ಬಾಯಲ್ಲಿ ಹಸಿರು ನೀರು. ಸಾಯಂಕಾಲದ ಹೊತ್ತಿಗೆ ತಟ್ಟೆಗಳಲ್ಲಿ ಅಲುಗಾಟವೇ ಇರಲಿಲ್ಲ.

ರೆಡ್ಡಪ್ಪನವರು ಬಂದರು. "ಅಂತಾ ಪೋಯಿಂದಾ? ಎಲ್ಲಾ ಹೋಯ್ತಾ? ಯಾಕೆ ಹೋಯ್ತು ಹೇಳ್ರಾ!"

ವಿಷ ಏರಿದ ಹುಳ ನೋಡಿದ ಯಾವ ಕಣ್ಣಿಗೂ ಆ ವಿಷ ಸೊಪ್ಪಿನದು ಎಂದು ತಿಳಿಯುತ್ತದೆ. ನನಗೂ ತಿಳಿದಿತ್ತು. ಬಾಯಿ ತೆರೆಯುವಷ್ಟರಲ್ಲಿ ಸೊಪ್ಪು ಕತ್ತರಿಸುವ ಗಂಗಮ್ಮ ಹೇಳಿದಳು: "ಮುನಿರತ್ನಕ್ಕ ಬಾಗಿಲ ತನಕ ಬಂದಿದ್ಲಲ್ಲ ಸಾಮಿ, ಸುಣ್ಣದ ತಟ್ಟೇಲಿ ಕಾಲೂ ಇಟ್ಲು. ಆ ಕಾಯಿಲೆ ಮೈಯಿ..."

ರೆಡ್ಡಪ್ಪನವರು ನನ್ನ ಕಡೆ ತಿರುಗಿದರು. "ಹೌದೇನ್ರಾ?"

ನಾನು ನೆಲ ನೋಡಿದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅಲ್ಲ ಅಂದಿದ್ದರೆ ಕೆಲಸ ಹೋಗುತ್ತಿತ್ತು. ನನ್ನ ಕೆಲಸ ಉಳಿಯಿತು, ಅಕ್ಕನ ಹೆಸರು ಹೋಯಿತು. ಆಮೇಲೆ ಹುಳ ಸಾಕುವ ಮನೆಗಳವರು ಅಕ್ಕ ಬೀದಿಯಲ್ಲಿ ಬಂದರೆ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮುಳಬಾಗಿಲಿನ ಬೈರಕೂರಿಗೆ ಕೊಟ್ಟಿದ್ದ ಮಗಳ ಮನೆಗೆ ಅಕ್ಕ ಹೊರಟುಹೋದಳು. ಬಸ್ಸು ಹತ್ತಿಸಲು ಹೋಗಿದ್ದೆ. ಕಿಟಕಿಯಿಂದ, "ಮಂಡಿಗೆ ಎಣ್ಣೆ ಹಚ್ಚಿಸ್ಕೋ," ಎಂದಳು. ನಾನು ಆಗಲೂ ಹೇಳಲಿಲ್ಲ.

ಒಂದೆರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಅಕ್ಕನ ಮಗಳು ಫೋನು ಮಾಡಿದರೆ ಹೆಂಡತಿಯ ಕೈಗೆ ಕೊಡುತ್ತಿದ್ದೆ.

ಈಗ ಒಳ್ಳೆಯ ಭಾಗಕ್ಕೆ ಬಂದೆ. ಖುಷಿಗೆ ಎದ್ದು ಎರಡು ಸುತ್ತು ಹಾಕಿ ಬಂದೆ!

ಬೈರಕೂರಿನ ಆಂಜಪ್ಪ ಎಂಬ ರೈತ ನಮ್ಮಲ್ಲಿ ಚಾಕಿ ಹುಳ ಒಯ್ಯುತ್ತಿದ್ದ. ಅವನ ಹೆಸರಿನಲ್ಲಿ ಹೋದ ಹುಳ ಎಂದೂ ಕೆಡುತ್ತಿರಲಿಲ್ಲ. ಒಂದು ದಿನ ಫೋನು ಮಾಡಿ, "ಮೇಸ್ತ್ರೀ, ಒಂದ್ಸಲ ಬಂದು ನೋಡಿ. ಇಂಥಾ ಹುಳ ಮುಳಬಾಗಿಲು ತಾಲೂಕಲ್ಲೇ ಇಲ್ಲ," ಎಂದ. ಅಕ್ಕನಿರುವ ಊರು ಎಂಬ ಅಳುಕಿನಲ್ಲೇ ಹೋದೆ. ಅವನು ತನ್ನ ಮನೆ ದಾಟಿಸಿ ಹಿಂದಿನ ಒಂದು ಶೆಡ್ಡಿಗೆ ಕರೆದುಕೊಂಡು ಹೋದ. ಬಾಗಿಲಲ್ಲಿ ಸುಣ್ಣದ ತಟ್ಟೆ. ಒಳಗಿನಿಂದ ಧ್ವನಿ ಬಂತು:

"ಯಾರದು? ಚಪ್ಪಲಿ ಬಿಟ್ಟು, ಕೈಕಾಲು ತೊಳ್ಕೊಂಡು ಬನ್ನಿ."

ಅಕ್ಕ! ಕೂದಲು ದಟ್ಟವಾಗಿ ಬೆಳೆದು ಪುಟ್ಟ ತುರುಬು ಕಟ್ಟಿದ್ದಳು. ಒಂದು ಕೈಗೆ ಬಿಗಿಯಾದ ಬಟ್ಟೆಯ ತೋಳು ಹಾಕಿದ್ದಳು, ಕೈ ಊದದಿರಲೆಂದು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಬೀಡಿ ಸೇದಿದ್ದೀಯಾ?"

"ಬಸ್ ಇಳಿದಾಗ... ಒಂದೇ ಒಂದು."

"ಹಂಗಾದ್ರೆ ಒಳಗೆ ಬರಬೇಡ. ಅಲ್ಲೇ ನಿಂತು ನೋಡು."

ಆಂಜಪ್ಪ ಕಿಸಕ್ಕನೆ ನಕ್ಕ. "ಮೇಸ್ತ್ರಿಗೇ ಬಾಗಿಲು ಮುಚ್ಚಿದ್ಯಲ್ಲಮ್ಮ!"

"ಹೊಗೆಸೊಪ್ಪು ಹುಳಕ್ಕೆ ನಿಜವಾಗ್ಲೂ ಆಗಲ್ಲ ಕಣಪ್ಪ. ಇದು ಮೇಸ್ತ್ರಿಗೂ ಗೊತ್ತು," ಎಂದಳು ಅಕ್ಕ. 'ನಿಜವಾಗ್ಲೂ' ಎಂಬುದನ್ನು ಜೋರಾಗಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಹೊರಗೇ ನಿಂತು ನೋಡಿದೆ. ಹಣ್ಣಾಗಲು, ಅಂದರೆ ಗೂಡು ಕಟ್ಟಲು, ಬಂದ ಹುಳಗಳು, ಒಂದೇ ಉದ್ದ, ಒಂದೇ ಗಾತ್ರ, ಬೆರಳಿನಂಥವು. ಸೊಪ್ಪು ತಿನ್ನುವ ಸದ್ದು ಬಾಗಿಲ ತನಕ ಕೇಳುತ್ತಿತ್ತು. ನನ್ನ ಕೇಂದ್ರದಿಂದ ಹೋದ ಮರಿಗಳೇ ಅವು, ಆಂಜಪ್ಪನ ಹೆಸರಿನಲ್ಲಿ ತರಿಸಿಕೊಂಡು ಸಾಕುತ್ತಿದ್ದವಳು ಅಕ್ಕ. ಅವಳು ಅವುಗಳ ಮೇಲೆ ಬಗ್ಗಿ, ಬರಿಗೈಯಲ್ಲಿ ಸವರಿ, ಮಾತಾಡಿಸುತ್ತಿದ್ದಳು. ಯಾವ ಮೈ ಹುಳಕ್ಕೆ ಆಗುವುದಿಲ್ಲ ಎಂದಿದ್ದೆನೋ ಆ ಮೈಯ ನೆರಳಿನಲ್ಲೇ ಅವು ಮಲ್ಲರಂತೆ ಬೆಳೆದಿದ್ದವು. ನನಗೆ ಅಳು, ನಗು ಎರಡೂ ಬಂತು. ಅಂದೇ ಬೀಡಿ ಬಿಟ್ಟೆ. ಇನ್ನೊಂದು ಸಲ ಆ ಬಾಗಿಲಲ್ಲಿ ನಿಲ್ಲಲು ನನಗೆ ಇಷ್ಟವಿರಲಿಲ್ಲ.

ಮಧ್ಯಾಹ್ನ ಅಕ್ಕನ ಮಗಳ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಊಟಕ್ಕೆ ಕೂತಾಗ ಎದುರು ಗೋಡೆ ನೋಡಿದೆ. ನೆಲದಿಂದ ಸೊಂಟದೆತ್ತರದಲ್ಲಿ ಶುರುವಾಗಿ ಮೇಲಿನ ತನಕ ಸೀಮೆಸುಣ್ಣದ ಬರಹ. ಕೆಳಗಿನ ಸಾಲುಗಳು ಕೋಳಿ ಕೆದಕಿದಂತೆ, ಮೇಲೆ ಹೋದಂತೆ ದುಂಡಗೆ.

"ಇದೇನಕ್ಕ?"

"ಆಪರೇಷನ್ ಆದ ಮೇಲೆ, ಇಲ್ಲಿಗೆ ಬಂದಾಗ್ಲೂ ಕೈ ಮೇಲಕ್ಕೇ ಏಳ್ತಿರ್ಲಿಲ್ಲ ಕಣೋ. ಗೋಡೆ ಮೇಲೆ ಬೆರಳು ನಡೆಸ್ಬೇಕು ಅಂತ ಹೇಳ್ಕೊಟ್ಟಿದ್ರು. ಸುಮ್ನೆ ಬೆರಳು ನಡೆಸೋಕೆ ಬೇಜಾರು. ಸೀಮೆಸುಣ್ಣ ಹಿಡ್ಕೊಂಡೆ. ಏನೋ ಒಂದು ಬರೀತಿದ್ದೆ. ಒಂದು ಸಾಲಾದ್ರೆ ಅದರ ಮೇಲೆ ಇನ್ನೊಂದು."

ಓದಿದೆ. ಕೆಳಗೆ, "ಇವತ್ತು ನೋವು." ಅದರ ಮೇಲೆ, "ಸಾರಿಗೆ ಉಪ್ಪು ಜಾಸ್ತಿ." ಅದರ ಮೇಲೆ, "ಎಮ್ಮೆ ಈಯಿತು ಹೆಣ್ಣು ಕರು." ಎದೆಯ ಎತ್ತರದಲ್ಲಿ, "ನಾಯಿ ಅಟ್ಟಿಸಿಕೊಂಡು ಬಂತು ಓಡಿದೆ ಓಡಲು ಆಯಿತು." ಕೈ ಪೂರ್ತಿ ಚಾಚಿದರೆ ಮಾತ್ರ ಮುಟ್ಟುವ ಜಾಗದಲ್ಲಿ, ಸೂರಿನ ತೊಲೆಗೆ ತಾಗಿಕೊಂಡು, "ಇನ್ನು ಜಾಗ ಇಲ್ಲ."

ನಾನು ಜೋರಾಗಿ ನಕ್ಕುಬಿಟ್ಟೆ. ಅವಳೂ ನಕ್ಕಳು. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಬರಹ ಅದೊಂದೇ ಇರಬೇಕು.

ಅವಳು ಬೆಳಗ್ಗೆ ಎದ್ದು ಕೆರೆ ಏರಿ ಮೇಲೆ ನಡೆಯುತ್ತಾಳೆ. ಸೊಪ್ಪು ಕೀಳುತ್ತಾಳೆ. ಆಪರೇಷನ್ ಆದ ಕಡೆಯ ಕೈಗೆ ಗಾಯವಾಗದಿರಲೆಂದು ಕತ್ತಿಯನ್ನು ಆ ಕೈಗೇ ಕೊಟ್ಟು, ಸೊಪ್ಪು ಹಿಡಿಯುವುದನ್ನು ಇನ್ನೊಂದು ಕೈಗೆ ಬಿಟ್ಟಿದ್ದಾಳೆ. "ಒಂದು ಕಡೆ ಹಗುರ ಆಯ್ತು, ನಡೆಯೋಕೆ ಸಲೀಸು," ಎಂದು ಹೆಂಗಸರ ಮುಂದೆ ಹೇಳಿ ಅವರನ್ನು ನಗಿಸುತ್ತಾಳೆ. ನಗು ಮುಗಿಯುವಷ್ಟರಲ್ಲಿ, "ನೀನು ನೋಡ್ಕೊಂಡಿದ್ದೀಯೇನೇ? ಗೆಡ್ಡೆ ಸಿಕ್ಕಿದ್ರೆ ಮುಚ್ಚಿಡಬೇಡ ಕಣೇ," ಎನ್ನುತ್ತಾಳೆ. ಹಾಗೆ ಹೇಳಿಸಿಕೊಂಡು ಆಸ್ಪತ್ರೆಗೆ ಹೋಗಿ ಬಂದ ಹೆಂಗಸರು ಆ ಬೀದಿಯಲ್ಲೇ ಇದ್ದಾರೆ. ತನಗೆ ಈಗಲೂ ತಪಾಸಣೆಯ ದಿನ ಹತ್ತಿರ ಬಂದರೆ ಭಯವಂತೆ. ಅಂದು ಸೊಪ್ಪು ಜಾಸ್ತಿ ಕತ್ತರಿಸುತ್ತಾಳಂತೆ.

ಕೆಲಸ ಬಿಟ್ಟ ಮೇಲೆ ನಾನು ಆಗಾಗ ಬೈರಕೂರಿಗೆ ಹೋಗಿ ಅವಳ ಶೆಡ್ಡಿನಲ್ಲಿ ಕೈ ಜೋಡಿಸತೊಡಗಿದೆ. ಮಂಡಿ ಬಗ್ಗದಿದ್ದರೆ ಸ್ಟೂಲು ಹಾಕಿ ಕೂರಿಸುತ್ತಾಳೆ. ಒಂದು ದಿನ ಕಸ ತೆಗೆಯುತ್ತಿದ್ದಾಗ ಧೈರ್ಯ ಮಾಡಿ ಶುರುಮಾಡಿದೆ: "ಅಕ್ಕ, ಅವತ್ತು ಆ ಹುಳ ಸತ್ತಿದ್ದು..."

"ಸೊಪ್ಪಿಂದ," ಎಂದಳು, ತಲೆ ಎತ್ತದೆ. "ಒಂದು ಹಿಡಿಗೆ ಹಾಕಿ ನೋಡ್ಲಿಲ್ಲ ನೀನು."

"ಗೊತ್ತಿತ್ತಾ ನಿಂಗೆ?"

"ಗೊತ್ತಿಲ್ದೆ ಏನು? ಲೇ, ನಂಗೆ ಯಾಕೆ ಹೇಳ್ತೀಯ? ಗೊತ್ತಿರೋರಿಗೆ ಹೇಳೋಕೆ ಧೈರ್ಯ ಬೇಡ. ಗೊತ್ತಿಲ್ದೋರಿಗೆ ಹೇಳು."

ತಟ್ಟೆಯ ಕಸವನ್ನು ಬುಟ್ಟಿಗೆ ಸುರಿದು, "ಬಾಯಲ್ಲಿ ಬರದಿದ್ರೆ ಮೊದ್ಲು ಬರಿ. ನನ್ನ ಕೈ ಎದ್ದಿದ್ದು ಹಂಗೇ," ಎಂದಳು. ಗೋಡೆಯಲ್ಲಿ ಜಾಗವಿಲ್ಲದ್ದರಿಂದ ಹಳೆ ಕ್ಯಾಲೆಂಡರಿನ ಬೆನ್ನು ಕೊಟ್ಟಳು. ಹೀಗೆ ಶುರುವಾಯಿತು ಈ ಬರವಣಿಗೆ. ನಾನೂ ಕೆಳಗಿನಿಂದಲೇ ಶುರುಮಾಡಿದೆ. ಮೊದಲು ಬರೆದದ್ದು ಸೊಪ್ಪಿನ ಬೆಲೆ, ಮಂಡಿ ನೋವು, ಮಳೆ. ನಾಚಿಕೆಯಾಗುವುದನ್ನು ಬರೆಯುವಷ್ಟು ಎತ್ತರಕ್ಕೆ ಕೈ ಏಳಲು ತಿಂಗಳುಗಳೇ ಬೇಕಾದವು. ಆದರೆ ಬರೆದ ದಿನ ಮಾತ್ರ, ಮೊಟ್ಟೆ ಒಡೆದ ಬೆಳಗ್ಗೆಯ ಹಾಗೆಯೇ ಮೈ ಜುಮ್ಮೆಂದಿತು.

ಮೊನ್ನೆ ರೆಡ್ಡಪ್ಪನವರ ಮಗ ಹಳೆಯದರ ಪಕ್ಕದಲ್ಲೇ ಹೊಸ ಚಾಕಿ ಮನೆ ಕಟ್ಟಿಸಿ, ಅಂಗಳದಲ್ಲಿ ಹೊಸಬರಿಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದ. ಹಳಬರೂ ಬಂದಿದ್ದರು. ರೆಡ್ಡಪ್ಪನವರು ಕೋಲೂರಿಕೊಂಡು ಮುಂದಿನ ಸಾಲಿನಲ್ಲಿ, ಅವರ ಪಕ್ಕ ಗಂಗಮ್ಮ. ನಾನು ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಅವಳು ಹಿಂದೆ, ಆ ಹಳೆಯ ಹುಳದ ಮನೆಯ ಬಾಗಿಲಿನ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತಳು.

ಜ್ವರ, ತೇವ, ಸುಣ್ಣ ಎಲ್ಲ ಹೇಳಿದೆ. ಸೊಪ್ಪಿನ ಮಾತು ಬಂತು. ನೆಲ ನೋಡುವ ಅಭ್ಯಾಸ, ತಲೆ ಬಗ್ಗಿತು. ಬಗ್ಗಿದ ತಲೆಯಲ್ಲೇ ಏನೋ ಗೊಣಗಿದೆ.

ಹಿಂದಿನಿಂದ ಅಕ್ಕನ ಧ್ವನಿ ಬಂತು: "ಲೇ ಚೌಡಾ, ಜೋರಾಗಿ ಹೇಳೋ! ಹಿಂದೆ ಕೂತೋರಿಗೆ ಏನೂ ಕೇಳ್ತಿಲ್ಲ."

ಎಲ್ಲರೂ ನಕ್ಕರು. ನಾನು ತಲೆ ಎತ್ತಿದೆ. ಗಂಗಮ್ಮನನ್ನು ನೋಡಿದೆ, ರೆಡ್ಡಪ್ಪನವರನ್ನು ನೋಡಿದೆ, ಆಮೇಲೆ ಬಾಗಿಲ ಹತ್ತಿರ ಕೂತಿದ್ದವಳನ್ನು ನೋಡಿದೆ.

"ಅವತ್ತು ಹುಳ ಸತ್ತಿದ್ದು ನಾನು ತಂದ ಸೊಪ್ಪಿಂದ ಸಾಮಿ, ನಮ್ಮಕ್ಕನಿಂದಲ್ಲ. ಅವಳಿಗೆ ಬಂದಿದ್ದು ಸ್ತನ ಕ್ಯಾನ್ಸರ್, ಅದು ಯಾರಿಗೂ ಅಂಟಲ್ಲ, ಹುಳಕ್ಕೂ ಅಂಟಲ್ಲ. ನಂಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ನೆ ನಿಂತೆ. ಅಕ್ಕಾ, ನಿನ್ನ ಮೈಯಲ್ಲಿ ಯಾವ ವಾಸನೆಯೂ ಇರ್ಲಿಲ್ಲ. ತಪ್ಪಾಯ್ತು ಕಣಕ್ಕ."

ಕೊನೆಯ ಕುರ್ಚಿಯವರೆಗೂ ಕೇಳಿಸುವಷ್ಟು ಜೋರಾಗಿ ಇನ್ನೊಮ್ಮೆ ಹೇಳಿದೆ: "ತಪ್ಪಾಯ್ತು!"